ಬಾಗಿಲ ಎರಚಲು ತಡೆ (ಕರಾವಳಿ, ಮಲೆನಾಡು)

ಗಾಳಿಗೆ ಓರೆಯಾಗಿ ಬೀಳುವ ಮಳೆನೀರು ಹೊರಬಾಗಿಲ ಸಂದು, ದಾರಂದ, ಹೊಸ್ತಿಲುಗಳ ಮೂಲಕ ಒಳಬರದಂತೆ ತಡೆಯುವ ಕಟ್ಟಡ ಕ್ರಮಗಳ ಚರಿತ್ರೆ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಘಟ್ಟ ಮತ್ತು ಕರಾವಳಿಯ ಕಥೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ.

ಹೊಯ್ಸಳ, ವಿಜಯನಗರ ದೇವಾಲಯಗಳ ಮುಂಚಾಚಿದ ಕಲ್ಲಿನ ಸೂರುಗಳ ಬಗ್ಗೆ ವಾಸ್ತುಶಿಲ್ಪದ ಬರಹಗಳು ಬೇಕಾದಷ್ಟಿವೆ. ಮನೆಗಳ ಬಾಗಿಲ ಬಗ್ಗೆ ಅಷ್ಟು ಬರೆದವರಿಲ್ಲ. ಹೊಸ್ತಿಲನ್ನು ಪೂಜೆ, ಶಾಸ್ತ್ರಗಳ ಜೊತೆಗೆ ಮಾತ್ರ ವಿವರಿಸುವ ರೂಢಿಯಿಂದ ಅದು ನೀರಿಗೆ ಒಡ್ಡಿದ ಕಟ್ಟೆಯೂ ಹೌದೆಂಬುದು ಮರೆಯಾಗಿದೆ.

ಹಳೆಯ ಮನೆಯಲ್ಲಿ ಬಾಗಿಲನ್ನು ಕಾಯುತ್ತಿದ್ದುದು ಜಗಲಿ. ಮಾಡಿನ ಅಂಚು ಜಗಲಿಯ ನೆಲದಿಂದ ಆರು ಅಡಿ ಎತ್ತರದಲ್ಲಿದ್ದು, ಬಾಗಿಲಿಂದ ಆರು ಅಡಿ ಮುಂದೆ ಚಾಚಿದ್ದರೆ, 45 ಡಿಗ್ರಿ ಓರೆಯ ಮಳೆಯೂ ಹೊಸ್ತಿಲ ಬುಡಕ್ಕಷ್ಟೇ ಮುಟ್ಟುತ್ತದೆ. ಇನ್ನೂ ಜೋರಿನ ಗಾಳಿಗೆ, ಮಳೆಗಾಲದ ಮೊದಲೇ ತೆಂಗಿನ ಮಡಲು ಅಥವಾ ಅಡಿಕೆ ಸೋಗೆಯ ತಟ್ಟಿಗಳನ್ನು ಜಗಲಿಯ ಅಂಚಿಗೆ ಕಟ್ಟುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಬಿಚ್ಚುತ್ತಿದ್ದ ಈ ತಟ್ಟಿಗಳು ಕಟ್ಟಡದ ನಕ್ಷೆಗಳಲ್ಲಿ ಕಾಣುವುದಿಲ್ಲ. ನಕ್ಷೆ ನೋಡಿ ಚರಿತ್ರೆ ಬರೆಯುವವರಿಗೆ ಅವು ತಪ್ಪಿಹೋಗಿರುವುದಕ್ಕೆ ಇದೇ ಕಾರಣ.

ಮಂಗಳೂರು ಹೆಂಚನ್ನು ಹಲವು ಬರಹಗಳು ಸ್ಥಳೀಯ ಆವಿಷ್ಕಾರವೆಂದು ಹೇಳುತ್ತವೆ. ಆದರೆ ಒಂದರ ಕೊರಕಲಿಗೆ ಇನ್ನೊಂದರ ಅಂಚು ಕೂರುವ ಹೆಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಆಲ್ಸೇಸ್‌ನ ಗಿಲಾರ್ದೊನಿ ಸೋದರರು. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದದ್ದು 1865ರಲ್ಲಿ. ಸ್ಥಳೀಯವಾದದ್ದು ಜೇಡಿಮಣ್ಣು ಮತ್ತು ದುಡಿಮೆ. ಹುಲ್ಲು, ಸೋಗೆಯ ಮಾಡು ಹೆಂಚಿಗೆ ಬದಲಾದರೂ ಚಾಚಿದ ಸೂರು, ಜಗಲಿ ಉಳಿದವು. ಹೀಗಾಗಿ ಬಾಗಿಲ ಮಟ್ಟಿಗೆ ಹೆಂಚು ತಿರುವೇ ಅಲ್ಲ.

ತಿರುವು ಬಂದದ್ದು ಕಾಂಕ್ರೀಟ್ ತಾರಸಿಯೊಂದಿಗೆ. ಸೂರು ಹೋಗಿ, ಬಾಗಿಲ ಮೇಲೆ ಎರಡು ಅಡಿಯ ಸಜ್ಜಾ ಉಳಿಯಿತು. ಏಳು ಅಡಿಯ ಬಾಗಿಲಲ್ಲಿ ಅದು 45 ಡಿಗ್ರಿ ಮಳೆಯಿಂದ ಕಾಯುವುದು ಮೇಲಿನ ಎರಡಡಿಯನ್ನು ಮಾತ್ರ. ಸಜ್ಜಾದ ಅಂಚಿನ ತಳದಲ್ಲಿ ಸಣ್ಣ ಕೊರಕಲು ತೆಗೆಯದಿದ್ದರೆ ನೀರು ತಳಕ್ಕೇ ಅಂಟಿಕೊಂಡು ಗೋಡೆಗೆ ಹರಿದು, ದಾರಂದದ ನೆತ್ತಿಯಿಂದ ಇಳಿಯುತ್ತದೆ. ಈ ಕೊರಕಲಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಗಿಲಾವು ಮಾಡುವಾಗ ಅದನ್ನು ಮುಚ್ಚಿಬಿಡುವುದುಂಟು.

ಸೋರಿಕೆಯ ಕಾರಣಗಳನ್ನು ತಿಳಿಯಾಗಿ ವಿಂಗಡಿಸಿದ ದಾಖಲೆ ಕೆನಡಾದಿಂದ ಬಂತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಿ.ಕೆ. ಗಾರ್ಡನ್ 1963ರಲ್ಲಿ ಬರೆದ ಕಿರುಲೇಖನದ ಪ್ರಕಾರ ಸೋರಲು ಮೂರು ಸೇರಬೇಕು: ಮೇಲ್ಮೈಯಲ್ಲಿ ನೀರು, ಸಂದು, ನೀರನ್ನು ಒಳಕ್ಕೆ ತಳ್ಳುವ ಅಥವಾ ಎಳೆಯುವ ಬಲ. ಒಂದನ್ನು ತಪ್ಪಿಸಿದರೂ ಸೋರಿಕೆ ನಿಲ್ಲುತ್ತದೆ. ಜಗಲಿ ತಪ್ಪಿಸುತ್ತಿದ್ದುದು ಮೊದಲನೆಯದನ್ನು. 1960ರ ದಶಕದಿಂದ ಕಟ್ಟಡಗಳಿಗೆ ಬಂದ ಸಿಲಿಕೋನ್ ಸೀಲಂಟ್ ಎರಡನೆಯದನ್ನಷ್ಟೇ ತಪ್ಪಿಸಬಲ್ಲದು, ಅದೂ ಮರದ ಹಿಗ್ಗು-ಕುಗ್ಗಿಗೆ ಅಂಟು ಬಿಡುವವರೆಗೆ. ಹೊರಸಂದಿಗೆಲ್ಲ ಸೀಲಂಟ್ ಮೆತ್ತುವುದರಿಂದ ಒಳಹೊಕ್ಕ ನೀರಿಗೆ ಹೊರದಾರಿಯೂ ಮುಚ್ಚುತ್ತದೆ. ಗಾಳಿತಡೆ ರಬ್ಬರ್ ಪಟ್ಟಿ ಒಳಗಡೆಗೆ, ನೀರು ಹೊರಹೋಗುವ ಕಿಂಡಿ ಹೊರಗಡೆಗೆ ಇರಬೇಕು. ಯುಪಿವಿಸಿ ಬಾಗಿಲುಗಳ ಚೌಕಟ್ಟಿನಲ್ಲಿರುವ ಕಿಂಡಿಗಳು ಇದಕ್ಕೇ.

ಈಚಿನ ವಿವಾದ ಹೊಸ್ತಿಲಿನದು. ಟೈಲ್ಸ್ ನೆಲದ ಮನೆಗಳಲ್ಲಿ ಅದು ತೆಳುವಾಗುತ್ತ ಬಂತು. ಗಾಲಿಕುರ್ಚಿ ಬಳಸುವವರಿಗೆ ಎತ್ತರದ ಹೊಸ್ತಿಲು ನಿಜವಾದ ಅಡ್ಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ಹೇಳುತ್ತದೆ. ನೀರುತಡೆ, ಪ್ರವೇಶ ಎರಡನ್ನೂ ಹೊಂದಿಸುವ ದಾರಿ ಇದೆ: ಹೊರನೆಲಕ್ಕೆ ಹೊರಮುಖದ ಇಳಿಜಾರು, ಬಾಗಿಲ ಮುಂದೆ ಜಾಲರಿ ಮುಚ್ಚಿದ ಕಾಲುವೆ, ಮೇಲೆ ಅಗಲವಾದ ಮಾಡು. ಮಾಡನ್ನು ಕೈಬಿಟ್ಟು ಉಳಿದೆರಡನ್ನೇ ನೆಚ್ಚಿಕೊಂಡರೆ, ಹೊಸ್ತಿಲಿಲ್ಲದ ಬಾಗಿಲು ಘಟ್ಟದ ಜುಲೈ ಮಳೆಗೆ ನಿಲ್ಲುವುದಿಲ್ಲ.