ರಕ್ತದ ಗುಂಪು ಹೊಂದದ ಮೂತ್ರಪಿಂಡ ಕಸಿ: ದೀರ್ಘಕಾಲದ ಫಲಿತಾಂಶ ಮತ್ತು ಬನ್ನೂರು ಸೀಮೆಯ ರೋಗಿಗಳು

ಕಿಡ್ನಿ ಕೊಡಲು ಮುಂದೆ ಬಂದ ತಾಯಿಯದೋ ಹೆಂಡತಿಯದೋ ರಕ್ತದ ಗುಂಪು ರೋಗಿಗೆ ಹೊಂದಲಿಲ್ಲವೆಂದು ಕಸಿಯ ಯೋಚನೆಯನ್ನೇ ಕೈಬಿಡುವುದು ಇಂದು ಸಮರ್ಥನೀಯವಲ್ಲ. ರಕ್ತದ ಗುಂಪನ್ನು ನಿರ್ಧರಿಸುವ ಎ ಮತ್ತು ಬಿ ಪ್ರತಿಜನಕಗಳು ಮೂತ್ರಪಿಂಡದ ರಕ್ತನಾಳಗಳ ಒಳಪದರದಲ್ಲೂ ಇರುವುದರಿಂದ, ರೋಗಿಯ ಪ್ರತಿಕಾಯಗಳು ಹೊಸ ಅಂಗದ ಮೇಲೆ ಎರಗುತ್ತವೆ. ಪ್ಲಾಸ್ಮಾ ಶೋಧನೆಯಿಂದ ಅವುಗಳನ್ನು ತಗ್ಗಿಸಿ, ರಿಟುಕ್ಸಿಮಾಬ್ ಎಂಬ ಔಷಧ ಕೊಟ್ಟು ಕಸಿ ಮಾಡುವ ಕ್ರಮ ಈಗ ನೆಲೆಗೊಂಡಿದೆ. ಮೊದಲ ತಿಂಗಳುಗಳ ಸೋಂಕನ್ನು ಹತೋಟಿಯಲ್ಲಿಟ್ಟರೆ ಇದರ ದೀರ್ಘಕಾಲದ ಫಲಿತಾಂಶ ಗುಂಪು ಹೊಂದಿದ ಕಸಿಗೆ ಸಮೀಪಿಸುತ್ತದೆ ಎಂಬುದು ಈ ಲೇಖನದ ವಾದ.

ಮೃತ ದಾನಿಗಳು ವಿರಳವಾಗಿದ್ದ ಜಪಾನಿನಲ್ಲಿ 1989ರಿಂದ 2001ರವರೆಗೆ ನಡೆದ ಇಂಥ 441 ಕಸಿಗಳಲ್ಲಿ ವರ್ಷದ ನಂತರ ಶೇ. 84, ಒಂಬತ್ತು ವರ್ಷಗಳ ನಂತರ ಶೇ. 59 ಕಿಡ್ನಿಗಳು ಕೆಲಸ ಮಾಡುತ್ತಿದ್ದವು. ಆಗ ಗುಲ್ಮವನ್ನೂ ತೆಗೆಯುತ್ತಿದ್ದರು. ರಿಟುಕ್ಸಿಮಾಬ್ ಬಂದಮೇಲೆ ಅದು ಬೇಕಾಗಲಿಲ್ಲ. 'ಲ್ಯಾನ್ಸೆಟ್' ಪತ್ರಿಕೆಯ 2019ರ ವಿಶ್ಲೇಷಣೆ 40 ಅಧ್ಯಯನಗಳ 7,098 ರೋಗಿಗಳನ್ನು ಒಳಗೊಂಡಿತ್ತು. ಮೊದಲ ಐದು ವರ್ಷ ಗುಂಪು ಹೊಂದಿದವರಿಗಿಂತ ಇವರಲ್ಲಿ ಸಾವು ಹೆಚ್ಚು. ಆದರೆ ಕಿಡ್ನಿ ನಷ್ಟದ ಅಂತರ ಐದು ವರ್ಷಗಳ ನಂತರ, ಸಾವಿನ ಅಂತರ ಎಂಟು ವರ್ಷಗಳ ನಂತರ ಉಳಿಯಲಿಲ್ಲ. ಆರಂಭದ ವಾರಗಳನ್ನು ದಾಟಿದ ಕಿಡ್ನಿ, ಪ್ರತಿಕಾಯಗಳು ಮರಳಿದರೂ ಸಾಮಾನ್ಯವಾಗಿ ಹಾನಿಗೊಳ್ಳದೆ ಹೊಂದಿಕೊಳ್ಳುತ್ತದೆ. 2018ರ ಇನ್ನೊಂದು ವಿಶ್ಲೇಷಣೆಯಲ್ಲಿ ಕಾರಣ ತಿಳಿದ ಸಾವುಗಳಲ್ಲಿ ಶೇ. 49 ಸೋಂಕಿನಿಂದಾದವು; ಗುಂಪು ಹೊಂದಿದವರಲ್ಲಿ ಅದು ಶೇ. 13.

ಎಂಟು ವರ್ಷದ ಸಮಾನತೆ ಬದುಕುಳಿದವರ ಲೆಕ್ಕವಷ್ಟೇ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಗುಂಪು ಹೊಂದುವ ದಾನಿಯೇ ಇಲ್ಲದ ರೋಗಿಗೆ ಉಳಿದ ದಾರಿ ಡಯಾಲಿಸಿಸ್ ಮತ್ತು ಮೃತ ದಾನಿಯ ಸರದಿ. ಹೋಲಿಕೆ ಅದರೊಂದಿಗೇ ಆಗಬೇಕು. ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲಿ ಎಂಬ ಸಲಹೆಯೂ ಯುಕ್ತ. 1994ರ ಅಂಗಕಸಿ ಕಾಯ್ದೆಗೆ 2011ರ ತಿದ್ದುಪಡಿ ಅದಕ್ಕೆ ಅವಕಾಶ ಕೊಟ್ಟಿದೆ, ಮೊದಲು ಅದನ್ನೇ ನೋಡಬೇಕು. ಆದರೂ ಓ ಗುಂಪಿನ ರೋಗಿಗೆ ಓ ದಾನಿಯೇ ಬೇಕು. ಓ ದಾನಿಯಿರುವ ಕುಟುಂಬಕ್ಕೆ ರಕ್ತದ ಗುಂಪಿನ ಕಾರಣದಿಂದ ಅದಲುಬದಲಿನ ಅಗತ್ಯವೇ ಬೀಳುವುದಿಲ್ಲ. ಹೀಗಾಗಿ ಓ ರೋಗಿಗೆ ಅದಲುಬದಲಿನಲ್ಲಿ ದಾನಿ ಸಿಗುವುದು ಕಷ್ಟ. ನಮ್ಮಲ್ಲಿ ಬೇರೆ ಯಾವುದೇ ಗುಂಪಿಗಿಂತ ಹೆಚ್ಚು ಜನರದು ಓ ಗುಂಪೇ ಆದ್ದರಿಂದ ಈ ಕಸಿಯನ್ನು ಬದಿಗಿಡಲಾಗದು. ವೆಚ್ಚದ ಆಕ್ಷೇಪಕ್ಕೆ ಉತ್ತರವನ್ನು ಸರ್ಕಾರಿ ನೆರವಿನಲ್ಲೇ ಹುಡುಕಬೇಕು. ಸೋಂಕೇ ಮುಖ್ಯ ಅಪಾಯವಾದ್ದರಿಂದ ಕಸಿಯಾದವರಿಗೆ ಜ್ವರ ಬಂದರೆ ಅಂದೇ ಪರೀಕ್ಷೆಯಾಗಬೇಕು. ಅದಕ್ಕಾಗಿ ಬನ್ನೂರಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ. ಹೋಗಿಬರುವ ಕೂಲಿಕಾರರಿಗೆ ಆ ದಿನದ ದುಡಿಮೆ ಇಲ್ಲ. ಆದ್ದರಿಂದ ತಿ. ನರಸೀಪುರ, ನಂಜನಗೂಡು ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತದ ಮಾದರಿ ಪಡೆದು ಕಸಿ ಕೇಂದ್ರಕ್ಕೆ ಕಳಿಸುವ, ಸೋಂಕಿಗೆ ಕೂಡಲೇ ಚಿಕಿತ್ಸೆ ಆರಂಭಿಸುವ ವ್ಯವಸ್ಥೆ ಕಸಿಯ ಯೋಜನೆಯ ಭಾಗವೇ ಆಗಬೇಕು.