ಪೀಣ್ಯದ ಶೆಡ್ಡು, ವಾಚ್ ಸೆಲ್ಲು, ಬ್ಲೂಟೂತ್ ಟ್ಯಾಗು

ಬೆಂಗಳೂರಿನ ತಂತ್ರಜ್ಞಾನದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. 1976ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್, ಅದರ ಮುಖ್ಯಸ್ಥ ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎದ್ದ ಎಲೆಕ್ಟ್ರಾನಿಕ್ ಸಿಟಿ, 1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಆಮೇಲೆ ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳು. ಈ ಕಥೆ ಸುಳ್ಳಲ್ಲ. ಆದರೆ ಇದರಲ್ಲಿ ಒಂದು ಕಸುಬು ಬಿಟ್ಟುಹೋಗಿದೆ. ಎಲ್ಲೋ ದೂರದಲ್ಲಿ, ಯಾರ ಕೈಗೂ ಸಿಗದ ಜಾಗದಲ್ಲಿ, ತನ್ನ ಬಳಿ ಇರುವಷ್ಟೇ ವಿದ್ಯುತ್ತಿನಲ್ಲಿ ಬದುಕಬೇಕಾದ ಯಂತ್ರವೊಂದು ಯಾವಾಗ ಮಾತಾಡಬೇಕು, ಏನು ಹೇಳಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಮುಂಚೆಯೇ ಗೊತ್ತುಮಾಡಿ ಕಳಿಸುವ ಕಸುಬು ಅದು. ಇಂದು ಕಂಟೇನರು, ಲಾರಿ, ಔಷಧದ ಪೆಟ್ಟಿಗೆಗಳಿಗೆ ಕಟ್ಟುವ ಬ್ಲೂಟೂತ್ ಸೆನ್ಸರ್ ಟ್ಯಾಗು ಅದರ ಅತಿ ಅಗ್ಗದ, ಅತಿ ಸಾಮಾನ್ಯ ರೂಪ. ಈ ಕಸುಬು ನಮ್ಮಲ್ಲಿ ಮೊಬೈಲ್ ಫೋನಿನ ಜೊತೆ ಬಂದದ್ದಲ್ಲ, 1972ರಲ್ಲೇ ಪೀಣ್ಯದಲ್ಲಿ ಬೇರೂರಿತ್ತು ಎಂಬುದು ನನ್ನ ವಾದ. ಅದನ್ನು ಒಪ್ಪಿಕೊಂಡರೆ, ಇಂದು ಟ್ಯಾಗ್ ಕಟ್ಟುವ ಕೈಗಳನ್ನು ನಾವು ನೋಡುವ ರೀತಿಯೂ ಬದಲಾಗಬೇಕಾಗುತ್ತದೆ.

ಮೊದಲು ಈ ಕೆಲಸದಲ್ಲಿ ಕಷ್ಟ ಎಲ್ಲಿದೆ ಎಂಬುದನ್ನು ನೋಡೋಣ. ಕಂಟೇನರಿನೊಳಗೆ ಒಂದು ಟ್ರ್ಯಾಕರ್ ಇರುತ್ತದೆ. ಅದಕ್ಕೆ ಜಿಪಿಎಸ್, ಸಿಮ್ ಕಾರ್ಡು ಮತ್ತು ಸ್ವಂತ ಬ್ಯಾಟರಿ. ಸುತ್ತಲಿನ ಪೆಟ್ಟಿಗೆಗಳಿಗೆ, ಬಾಗಿಲಿಗೆ ಕಟ್ಟಿದ ಟ್ಯಾಗುಗಳು ತಾಪಮಾನ, ತೇವಾಂಶ, ಅಲುಗಾಟ, ಬಾಗಿಲು ತೆರೆದದ್ದು ಇವನ್ನು ಅಳೆದು ಆಗಾಗ ಕೂಗಿ ಹೇಳುತ್ತವೆ. ಟ್ರ್ಯಾಕರ್ ಕೇಳಿಸಿಕೊಂಡು ಮೊಬೈಲ್ ಜಾಲದ ಮೂಲಕ ಸರ್ವರಿಗೆ ದಾಟಿಸುತ್ತದೆ. 2010ರ ಬ್ಲೂಟೂತ್ 4.0 ಮಾನದಂಡದ ಪ್ರಕಾರ ಈ ಕೂಗು ಮೂರು ಚಾನೆಲ್‌ಗಳಲ್ಲಿ ಹೊರಡುತ್ತದೆ, ಒಂದು ಕೂಗಿನಲ್ಲಿ ಹಿಡಿಸುವುದು 31 ಬೈಟ್, ಕೂಗಿನಿಂದ ಕೂಗಿಗೆ ಅಂತರ 20 ಮಿಲಿಸೆಕೆಂಡಿನಿಂದ 10.24 ಸೆಕೆಂಡಿನವರೆಗೆ ಇಡಬಹುದು. ಟ್ಯಾಗಿನೊಳಗಿನ ವಾಚ್ ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಸರಾಸರಿ ಖರ್ಚು 10 ಮೈಕ್ರೋಆಂಪಿಯರ್ ಇದ್ದರೆ 22,000 ಗಂಟೆ, ಅಂದರೆ ಎರಡೂವರೆ ವರ್ಷ ಬರುತ್ತದೆ. ಖರ್ಚು 40ಕ್ಕೇರಿದರೆ ಏಳೂವರೆ ತಿಂಗಳಿಗೆ ಮುಗಿಯುತ್ತದೆ. ಇಲ್ಲಿ ಹೆಚ್ಚಿನವರ ಲಕ್ಷ್ಯಕ್ಕೆ ಬಾರದ ವಿಷಯ ಒಂದಿದೆ: ಕೂಗುವವನಿಗಿಂತ ಕೇಳುವವನಿಗೆ ಖರ್ಚು ಹೆಚ್ಚು. ಟ್ಯಾಗು ಕ್ಷಣಮಾತ್ರ ಎದ್ದು ಮಲಗುತ್ತದೆ, ಟ್ರ್ಯಾಕರ್ ಮಾತ್ರ ಕಿವಿ ತೆರೆದು ಕೂರಬೇಕು. ಕೇಳುವುದಕ್ಕೇ 6 ಮಿಲಿಆಂಪಿಯರ್ ಬೇಕೆಂದುಕೊಂಡರೆ, 6000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಸತತ ಕೇಳುತ್ತಲೇ 41 ದಿನಕ್ಕೆ ಬರಿದಾಗುತ್ತದೆ. ಹಾಗಾಗಿ ಟ್ರ್ಯಾಕರನ್ನೂ ಮಲಗಿಸಬೇಕು. ಅದು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಸೆಕೆಂಡು ಕಿವಿಗೊಟ್ಟರೆ, ಟ್ಯಾಗು ಹತ್ತು ಸೆಕೆಂಡಿಗೊಮ್ಮೆ ಕೂಗಿದರೆ, ಹತ್ತರಲ್ಲಿ ಆರು ಸಲ ಕೂಗು ತಪ್ಪಿಹೋಗುತ್ತದೆ. ಟ್ಯಾಗು ಕೆಟ್ಟಿಲ್ಲ, ಟ್ರ್ಯಾಕರ್ ಕೆಟ್ಟಿಲ್ಲ. ಎರಡರ ನಿದ್ದೆ-ಎಚ್ಚರ ಹೊಂದಿಲ್ಲ, ಅಷ್ಟೆ. ಕೂಗಿನ ಅಂತರವನ್ನು ಎರಡು ಸೆಕೆಂಡಿಗೆ ಇಳಿಸಿದರೆ ಮಾಹಿತಿ ಸಿಗುತ್ತದೆ, ಸೆಲ್ಲಿನ ಆಯುಸ್ಸು ಕುಗ್ಗುತ್ತದೆ. ಯಾವುದನ್ನು ಎಷ್ಟು ಬಿಟ್ಟುಕೊಡಬೇಕು ಎಂಬ ತೀರ್ಮಾನವೇ ಈ ಕಸುಬಿನ ತಿರುಳು.

ಇದೇ ತೀರ್ಮಾನವನ್ನು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಐವತ್ತು ವರ್ಷಗಳ ಹಿಂದೆಯೇ ಮಾಡಬೇಕಾಗಿ ಬಂದಿತ್ತು. 1972ರ ಮೇ 10ರಂದು ಭಾರತ ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿಯ ನಡುವೆ ಒಪ್ಪಂದವಾಯಿತು: ಉಪಗ್ರಹ ನಮ್ಮದು, ರಾಕೆಟ್ಟು ಅವರದು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ, ಅದೇ ವರ್ಷ, ಲೇತು ಮಿಲ್ಲಿಂಗ್ ಯಂತ್ರಗಳ ನೆರೆಯಲ್ಲಿ ಕೆಲಸ ಶುರುವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ಉಡಾವಣಾ ಕೇಂದ್ರ ಕಪುಸ್ತಿನ್ ಯಾರ್‌ನಿಂದ ಮೇಲೇರಿದ ಆರ್ಯಭಟ ಎಂಬ ಆ ಉಪಗ್ರಹದ ತೂಕ 360 ಕಿಲೋ. ಅದಕ್ಕೆ ಸಿಗುತ್ತಿದ್ದ ವಿದ್ಯುತ್ತು 46 ವ್ಯಾಟ್, ಆಗಿನ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟ್ ಬಲ್ಬಿಗೂ ಸಾಲದಷ್ಟು. ಬಿಸಿಲಿದ್ದಾಗ ಸೌರಕೋಶ, ಭೂಮಿಯ ನೆರಳಿಗೆ ಹೋದಾಗ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. 96 ನಿಮಿಷಕ್ಕೊಂದು ಸುತ್ತಿನಂತೆ ದಿನಕ್ಕೆ ಹದಿನೈದು ಸುತ್ತು, ಅದರಲ್ಲಿ ಶ್ರೀಹರಿಕೋಟಾದ ಭೂಕೇಂದ್ರದ ಕಣ್ಣಿಗೆ ಬೀಳುವುದು ಕೆಲವೇ ಸಲ, ಪ್ರತಿ ಸಲವೂ ಕೆಲವೇ ನಿಮಿಷ. ಆದ್ದರಿಂದ ಒಳಗೊಂದು ಟೇಪ್ ರೆಕಾರ್ಡರ್ ಇಟ್ಟರು: ಯಾರೂ ಕೇಳದಿದ್ದಾಗ ಬರೆದಿಟ್ಟುಕೊಳ್ಳುವುದು, ಕೇಳುವವರು ಸಿಕ್ಕಾಗ ಒಪ್ಪಿಸುವುದು. ಇಂದಿನ ಕೆಲವು ಟ್ಯಾಗುಗಳು ತಮ್ಮ ಅಳತೆಗಳನ್ನು ಒಳಗೇ ದಾಖಲಿಸಿಟ್ಟುಕೊಂಡು ಟ್ರ್ಯಾಕರ್ ಎದ್ದಾಗ ಒಪ್ಪಿಸುವುದೂ ಇದೇ ಕ್ರಮದಲ್ಲಿ. ಆರ್ಯಭಟ ಕೊಟ್ಟ ದೊಡ್ಡ ಪಾಠ ಅದರ ಸೋಲಿನಿಂದ ಬಂದದ್ದು. ಸುಮಾರು 60 ಸುತ್ತಿನ ಬಳಿಕ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿತು. ಎಕ್ಸ್-ಕಿರಣ ಖಗೋಳ, ಸೂರ್ಯ, ಮೇಲ್ವಾತಾವರಣ ಮೂರನ್ನೂ ಅಧ್ಯಯನ ಮಾಡಬೇಕಿದ್ದ ಪ್ರಯೋಗಗಳು ನಿಂತವು. ಸೆನ್ಸರು ಎಷ್ಟೇ ಸೂಕ್ಷ್ಮವಾಗಿರಲಿ, ಕರೆಂಟು ಯಾರಿಗೆ ಎಷ್ಟು ಎಂಬ ಲೆಕ್ಕ ತಪ್ಪದಿದ್ದರೆ ಮಾತ್ರ ಅದಕ್ಕೆ ಬೆಲೆ.

ಇದು ಎಳೆದು ತಂದ ಹೋಲಿಕೆಯಲ್ಲವೇ ಎಂಬ ಆಕ್ಷೇಪ ಇಲ್ಲೇ ಏಳುತ್ತದೆ. ಕೋಟಿಗಟ್ಟಲೆ ವೆಚ್ಚದ ಉಪಗ್ರಹವೆಲ್ಲಿ, ಪೆಟ್ಟಿಗೆಗೆ ಅಂಟಿಸುವ ಬಿಲ್ಲೆಯೆಲ್ಲಿ! ಆರ್ಯಭಟದಿಂದ ಬ್ಲೂಟೂತ್ ಟ್ಯಾಗಿಗೆ ನೇರ ವಂಶಾವಳಿ ಇದೆಯೆಂದು ನಾನು ಹೇಳುತ್ತಿಲ್ಲ. ಒಂದೇ ಬಗೆಯ ಕೊರತೆ ಒಂದೇ ಬಗೆಯ ಶಿಸ್ತನ್ನು ಕಲಿಸುತ್ತದೆ, ಆ ಶಿಸ್ತು ಈ ಪ್ರದೇಶದಲ್ಲಿ ಒಂದು ತಲೆಮಾರೂ ತಪ್ಪದೆ ಬಳಕೆಯಲ್ಲಿತ್ತು ಎಂಬುದಷ್ಟೇ ನನ್ನ ಮಾತು. ನಡುವಣ ಕೊಂಡಿಯನ್ನು ಹುಡುಕಲು ದೂರ ಹೋಗಬೇಕಿಲ್ಲ. ಪೀಣ್ಯಕ್ಕೆ ಹೊಂದಿಕೊಂಡ ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ಮಾಡಲು ಶುರುಮಾಡಿತು. 1980ರ ದಶಕದಲ್ಲಿ ಕ್ವಾರ್ಟ್ಜ್ ವಾಚುಗಳು ಬಂದವು. 1984ರಲ್ಲಿ ಹುಟ್ಟಿದ ಟೈಟಾನ್, ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಹೋಗುವ ಅದೇ ರಸ್ತೆಯಲ್ಲಿ, ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆದು ಕ್ವಾರ್ಟ್ಜನ್ನೇ ನೆಚ್ಚಿಕೊಂಡಿತು. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಬ್ಲೂಟೂತ್ ಟ್ಯಾಗುಗಳಲ್ಲೂ, ಉಳಿದೆಲ್ಲ ಭಾಗ ಮಲಗಿರುವಾಗ ಎಚ್ಚರವಿದ್ದು ಏಳುವ ಹೊತ್ತನ್ನು ಎಣಿಸುವುದು ಸಾಮಾನ್ಯವಾಗಿ ಇದೇ 32,768ರ ಹರಳು. ಸೆಲ್ಲೂ ವಾಚಿನ ವಂಶದ್ದೇ. ಒಂದು ಸಣ್ಣ ಸೆಲ್ಲನ್ನು ವರ್ಷಗಟ್ಟಲೆ ಬಾಳಿಸುವ ಲೆಕ್ಕಾಚಾರ ಜಾಲಹಳ್ಳಿಯಿಂದ ಹೊಸೂರಿನವರೆಗಿನ ಈ ಪಟ್ಟಿಯ ಎರಡು ತುದಿಗಳಲ್ಲೂ, ಕಾರ್ಖಾನೆಯ ದಿನನಿತ್ಯದ ಕೆಲಸವಾಗಿ, ಬ್ಲೂಟೂತ್ ಎಂಬ ಹೆಸರು ಹುಟ್ಟುವ ಮೊದಲೇ ಇತ್ತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಬ್ಲೂಟೂತ್ ಪೂರಾ ಹೊರಗಿನದು, ನಾವು ಬರೀ ಬಳಸುವವರು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಸೇರಿ ಇದರ ಕೂಟ ಕಟ್ಟಿದವು. ಟ್ಯಾಗಿಗೆ ಬೇಕಾದ ಕಡಿಮೆ ಖರ್ಚಿನ ಬಗೆ 2006ರಲ್ಲಿ ನೋಕಿಯಾ ಪ್ರಕಟಿಸಿದ ವೈಬ್ರೀಯಿಂದ ಬಂತು. ಇದೆಲ್ಲ ನಿಜ. ಆದರೆ ಮಾನದಂಡ ಎಂಬುದು ಕಾಗದ. ಅದನ್ನು ಚಿಪ್ಪಿನಲ್ಲಿ ನಡೆಯುವಂತೆ ಮಾಡುವ ಸಾಫ್ಟ್‌ವೇರನ್ನು ಯಾರೋ ಬರೆಯಬೇಕು. ಆ ಬರವಣಿಗೆಯಲ್ಲಿ ಬೆಂಗಳೂರು ಶುರುವಿನಿಂದಲೂ ಇತ್ತು. 1999ರಲ್ಲಿ ಸ್ಥಾಪನೆಯಾದ ಮೈಂಡ್‌ಟ್ರೀ ತನ್ನದೇ ಬ್ಲೂಟೂತ್ ಸಾಫ್ಟ್‌ವೇರ್ ರೂಪಿಸಿ ಬೇರೆ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು. ಬ್ಲೂಟೂತ್ ಒಂದನ್ನೇ ನಂಬಿ ಬೆಳೆದ ಬೆಂಗಳೂರಿನ ಇಂಪಲ್ಸ್‌ಸಾಫ್ಟ್ ಕಂಪನಿಯನ್ನು 2006ರ ಹೊತ್ತಿಗೆ ಅಮೆರಿಕದ ಸರ್ಫ್ ಕೊಂಡುಕೊಂಡಿತು. ಸರ್ಫ್ ಜಿಪಿಎಸ್ ಚಿಪ್ಪಿನ ಕಂಪನಿ ಎಂಬುದನ್ನು ಗಮನಿಸಬೇಕು: ಜಾಗ ತಿಳಿಸುವ ಚಿಪ್ಪು, ಹತ್ತಿರದ ಕೂಗು ಕೇಳಿಸಿಕೊಳ್ಳುವ ರೇಡಿಯೋ ಎರಡೂ ಒಂದೇ ಕಂಪನಿಯ ಕೈಗೆ ಬಂದವು. ಇಂದಿನ ಟ್ರ್ಯಾಕರಿನೊಳಗೆ ಸೇರಿರುವುದೂ ಅವೇ ಎರಡು. ಸರ್ಕಾರದ ಪಾತ್ರವನ್ನೂ ಮರೆಯಬಾರದು. 2005ರ ಜನವರಿಯಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ಅದಿಲ್ಲದಿದ್ದರೆ ಗೋದಾಮಿನ ಅಂಗಳದಲ್ಲಿ ಸಾವಿರ ಟ್ಯಾಗು ಕೂಗುವುದು ಕಾಗದಪತ್ರದ ಗೊಂದಲದಲ್ಲೇ ಮುಗಿದುಹೋಗುತ್ತಿತ್ತು.

ಟ್ಯಾಗಿಗೆ ಬೇಡಿಕೆ ಹುಟ್ಟಿಸಿದ್ದು ಸರಕಿನ ಲೋಕ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಮುಂದೆ ಆ ಕೆಲಸ ವೈಟ್‌ಫೀಲ್ಡಿಗೆ ಬಂತು, ಅಲ್ಲಿಂದ ಕಂಟೇನರುಗಳು ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುತ್ತವೆ. ಲಾರಿಗೆ ಕೂರಿಸಿದ ಟ್ರ್ಯಾಕರು ಲಾರಿಯ ಬ್ಯಾಟರಿಯಿಂದ ಕರೆಂಟು ಪಡೆಯುತ್ತದೆ. ಸಾಮಾನ್ಯ ಕಂಟೇನರಿಗೆ ತನ್ನದೆಂಬ ಕರೆಂಟೇ ಇಲ್ಲ. ಬ್ಯಾಟರಿಯ ಲೆಕ್ಕ ಇಷ್ಟು ಬಿಗಿಯಾಗಿರುವುದು ಈ ಕಾರಣಕ್ಕೆ. ಬಹುಕಾಲ ಕಂಟೇನರಿನ ಕಾವಲು ಮುರಿಯದೆ ತೆಗೆಯಲಾಗದ ಬಾಟಲ್ ಸೀಲಿನದು. 2017ರಲ್ಲಿ ಕಸ್ಟಮ್ಸ್ ಇಲಾಖೆ, ರಫ್ತುದಾರರೇ ಸೀಲು ಹಾಕುವ ಕಂಟೇನರುಗಳಿಗೆ ಆರ್‌ಎಫ್‌ಐಡಿ ಸೀಲನ್ನು ತಂದಿತು. ಅದರಲ್ಲಿ ಬ್ಯಾಟರಿ ಇಲ್ಲ. ರೀಡರ್ ಹತ್ತಿರ ಬಂದಾಗ ತನ್ನ ಸಂಖ್ಯೆಯನ್ನು ಹೇಳುತ್ತದೆ, ಮುರಿದಿದ್ದರೆ ಗೊತ್ತಾಗುತ್ತದೆ. ಆದರೆ ದಾರಿಯಲ್ಲಿ ಸರಕು ಹೇಗಿತ್ತು ಎಂದು ಅದು ಹೇಳಲಾರದು. ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು. ಅದನ್ನು ತಯಾರಿಸುವ ಬಯೋಕಾನ್‌ನಿಂದಾಗಿ ಇನ್ಸುಲಿನ್ ಎಂಬುದು ಹೊಸೂರು ರಸ್ತೆಯ ಮಾತೂ ಹೌದು. ಅಂಥ ಸರಕಿಗೆ ದಾರಿಯುದ್ದಕ್ಕೂ ಅಳೆಯುವ ಟ್ಯಾಗೇ ಬೇಕು. ಅದನ್ನು ಅರ್ಧ ಗಂಟೆಗೊಮ್ಮೆ ಅಳೆಯುವಂತೆ ಇಟ್ಟರೆ, ಸುಡುಬಿಸಿಲಿನಲ್ಲಿ ಹತ್ತು ನಿಮಿಷ ಬಾಗಿಲು ತೆರೆದಿದ್ದದ್ದು ದಾಖಲೆಗೆ ಬಾರದೇ ಹೋಗಬಹುದು.

ಚಿಪ್ಪು ಬ್ಯಾಟರಿಗಳು ಸುಧಾರಿಸುತ್ತಿವೆ, ಈ ಸೆಟ್ಟಿಂಗಿನ ತಲೆನೋವು ತಾನಾಗಿಯೇ ಮಾಯವಾಗುತ್ತದೆ ಎನ್ನುವವರಿದ್ದಾರೆ. ನಡೆದದ್ದು ಬೇರೆ. ಖರ್ಚು ಇಳಿದಷ್ಟೂ ನಾವು ಕೇಳುವುದು ಹೆಚ್ಚಿತು: ಮೊದಲು ಲಾರಿ ಎಲ್ಲಿದೆ ಎಂದಷ್ಟೇ ಕೇಳುತ್ತಿದ್ದವರು ಈಗ ಪ್ರತಿ ಪೆಟ್ಟಿಗೆಯ ತಾಪಮಾನವನ್ನು ಕೆಲವೇ ನಿಮಿಷಕ್ಕೊಮ್ಮೆ ಕೇಳುತ್ತಾರೆ. ಟ್ಯಾಗುಗಳು ಹೆಚ್ಚಿದಷ್ಟೂ ಅದೇ ಮೂರು ಚಾನೆಲ್‌ಗಳಲ್ಲಿ ಕೂಗುಗಳು ಒಂದರ ಮೇಲೊಂದು ಬೀಳುತ್ತವೆ. ಅದನ್ನು ತಗ್ಗಿಸಲೆಂದೇ ಮಾನದಂಡವು ಪ್ರತಿ ಕೂಗಿಗೂ ಹತ್ತು ಮಿಲಿಸೆಕೆಂಡಿನವರೆಗಿನ ಯಾದೃಚ್ಛಿಕ ವಿಳಂಬ ಸೇರಿಸುತ್ತದೆ. ಲೋಹದ ಗೋಡೆ, ನೀರು ತುಂಬಿದ ಸರಕು ಕೂಗನ್ನು ತಡೆಯುವುದು ಯಾವ ಹೊಸ ಚಿಪ್ಪು ಬಂದರೂ ತಪ್ಪದು. ಅತ್ಯುತ್ತಮ ಬ್ಯಾಟರಿಯೂ ಈ ಲೆಕ್ಕದಿಂದ ಬಿಡಿಸದು ಎಂಬುದಕ್ಕೆ ಪೀಣ್ಯದಲ್ಲೇ ಸಾಕ್ಷಿ ಇದೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ವಿಕ್ರಮ್ ಲ್ಯಾಂಡರನ್ನು ನಡೆಸಿದ್ದು ಪೀಣ್ಯದ ಇಸ್ಟ್ರಾಕ್ ಎಂಬ ಬಾಹ್ಯಾಕಾಶ ನಿಯಂತ್ರಣ ಕೇಂದ್ರದಿಂದ. ಚಂದ್ರನ ರಾತ್ರಿ ಸಮೀಪಿಸಿದಾಗ, ಸೆಪ್ಟೆಂಬರ್ 4ರಂದು, ಅದರ ಉಪಕರಣಗಳನ್ನು ಆರಿಸಿ, ರಿಸೀವರನ್ನು ಮಾತ್ರ ಚಾಲೂ ಇಟ್ಟು ಮಲಗಿಸಿದರು. ಮತ್ತೆ ಬಿಸಿಲು ಬಂದಾಗ ಕರೆದರೂ ಅದು ಏಳಲಿಲ್ಲ. ಏನನ್ನು ಆರಿಸಬೇಕು, ಯಾವ ಕಿವಿಯನ್ನು ತೆರೆದಿಡಬೇಕು ಎಂಬ ಪ್ರಶ್ನೆ ಅಷ್ಟು ದುಬಾರಿ ಯಂತ್ರಕ್ಕೂ ತಪ್ಪಲಿಲ್ಲ.

ಉಪಗ್ರಹಕ್ಕೂ ಟ್ಯಾಗಿಗೂ ನಿಜವಾದ ಅಂತರ ಇರುವುದು ಬೇರೆಡೆ. ಉಪಗ್ರಹದ ಪ್ರತಿ ತೀರ್ಮಾನವನ್ನೂ ತಜ್ಞರು ಕೂತು ಚರ್ಚಿಸುತ್ತಾರೆ. ಅದು ದಾಖಲೆಯಾಗುತ್ತದೆ, ತಪ್ಪಾದರೆ ಕಾರಣ ಹುಡುಕಲು ದಾರಿಯಿರುತ್ತದೆ. ಟ್ಯಾಗಿನ ತೀರ್ಮಾನವನ್ನು ಗೋದಾಮಿನ ಬಾಗಿಲಲ್ಲಿ ನಿಂತ ಟೆಕ್ನಿಶಿಯನ್, ಲೋಡಿಂಗಿನ ಅವಸರದಲ್ಲಿ, ಫೋನಿನ ಆ್ಯಪ್‌ನಲ್ಲಿ ಇಂಗ್ಲಿಷ್ ಹೆಸರುಗಳ ಮುಂದೆ ಅಂಕಿ ತುಂಬಿ ಮುಗಿಸುತ್ತಾನೆ. ಯಾವ ಸಂಖ್ಯೆಯ ಟ್ಯಾಗು ಯಾವ ಪೆಟ್ಟಿಗೆಗೆ ಎಂದು ಟ್ರ್ಯಾಕರಿಗೆ ತಿಳಿಸುವವನೂ ಅವನೇ. ಎರಡು ಟ್ಯಾಗು ಅದಲುಬದಲಾದರೆ ಕೆಟ್ಟ ಔಷಧಕ್ಕೆ ಒಳ್ಳೆಯ ದಾಖಲೆ ಸಿಗುತ್ತದೆ. ಅಂಕಿ ಏಕೆ ಅಷ್ಟೇ ಇರಬೇಕು ಎಂದು ಅವನಿಗೆ ಯಾರೂ ಹೇಳಿಕೊಡದಿದ್ದರೆ, ಎಲ್ಲ ಟ್ಯಾಗಿಗೂ ಕಂಪನಿಯಿಂದ ಬಂದ ಅಂಕಿಯನ್ನೇ ಬಿಡುತ್ತಾನೆ, ಸೆಲ್ಲು ಬೇಗ ಮುಗಿದರೆ ಸೆಲ್ಲನ್ನು ದೂರುತ್ತಾನೆ. ಅದು ಅವನ ತಪ್ಪಲ್ಲ. ಕಸುಬನ್ನು ಕಸುಬೆಂದು ಒಪ್ಪದವರ ತಪ್ಪು. ಈ ಪ್ರದೇಶದ ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟು: ಪ್ರತಿ ಟ್ರ್ಯಾಕರಿನ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಅದರಲ್ಲಿ ಕೂಗಿನ ಅಂತರ, ಕೇಳುವ ಹೊತ್ತು, ಅಳೆಯುವ ಅವಧಿ, ಅವುಗಳ ಕಾರಣ ಇರಲಿ. ಯಾರು, ಯಾವ ದಿನ ಇಟ್ಟರು ಎಂದು ಬರೆಯಲು ಜಾಗವೂ ಇರಲಿ. ಐಟಿಐಗಳ ಎಲೆಕ್ಟ್ರಾನಿಕ್ಸ್ ತರಗತಿಯಲ್ಲಿ ಬ್ಯಾಟರಿಯ ಈ ಲೆಕ್ಕವನ್ನು ಆರ್ಯಭಟದ 46 ವ್ಯಾಟಿನಿಂದ ಶುರುಮಾಡಿ ಕಲಿಸಿ.