ಹಿಸ್ಟಮೀನಿನ ಬಿಡುಗಡೆ: ಒಂದು ಹೆಸರಿನ ಚರಿತ್ರೆ

ಶಿವಮೊಗ್ಗ, ಭದ್ರಾವತಿಗಳ ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡವನ್ನು, ಎಂದರೆ ಪಾರ್ಥೇನಿಯಮ್ಮನ್ನು, ಕಾಣದವರಿಲ್ಲ. ಅದರ ಪರಾಗದಿಂದ ಕೆಲವರಿಗೆ ಒಡನೆಯೇ ಸೀನು ಹತ್ತುವುದೆಂಬುದನ್ನು ಬೆಂಗಳೂರಿನಲ್ಲಿ ನಡೆದ ಸಂಶೋಧನೆಗಳು 1991ರಲ್ಲಿ ತೋರಿಸಿಕೊಟ್ಟವು. ಪರಾಗವು ಹೊರಗಿನದು, ಸೀನನ್ನು ತರುವ ಹಿಸ್ಟಮೀನಾದರೋ ನಮ್ಮ ಮೈಯೊಳಗಿನದೇ. ಅದನ್ನು ಹೊರಡಿಸುವ ಶಕ್ತಿ ಯಾವುದು? ಈ ಪ್ರಶ್ನೆಯ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಬೇಸೊಫಿಲ್ ಎಂಬ ವಿರಳವಾದ ಬಿಳಿಯ ರಕ್ತಕಣವನ್ನು ಜರ್ಮನಿಯ ಪೌಲ್ ಎರ್ಲಿಖನು 1879ರಲ್ಲಿ ವರ್ಣಿಸಿದನು. ಹಿಸ್ಟಮೀನು ದೇಹದ ಮೇಲೆ ಮಾಡುವ ಪರಿಣಾಮಗಳನ್ನು ಇಂಗ್ಲೆಂಡಿನ ಡೇಲ್ ಮತ್ತು ಲೇಡ್ಲಾ 1910ರಲ್ಲಿ ವಿವರಿಸಿದರು. ಪಾರ್ಥೇನಿಯಮ್ಮಿನ ಬಂಧುವಾದ ರ್‍ಯಾಗ್‌ವೀಡ್ ಗಿಡದ ಪರಾಗಸಾರವನ್ನು ಅಲರ್ಜಿಯುಳ್ಳವರ ಬಿಳಿಯ ಕಣಗಳೊಡನೆ ಬೆರೆಸಿದಾಗ ಹಿಸ್ಟಮೀನು ಹೊರಬರುವುದನ್ನು ಲಿಕ್ಟೆನ್‌ಸ್ಟೈನ್ ಮತ್ತು ಆಸ್ಲರ್ 1964ರಲ್ಲಿ ಪ್ರಕಟಿಸಿದರು. 1966ರಲ್ಲಿ ಇಷಿಜಾಕ ದಂಪತಿಗಳು ಐಜಿಇ ಎಂಬ ಪ್ರತಿಕಾಯವನ್ನು ಗುರುತಿಸಿದರು. ಕಣದ ಮೇಲ್ಮೈಗೆ ಅಂಟಿದ ಐಜಿಇಗಳನ್ನು ಪರಾಗದ ಪ್ರೋಟೀನು ಜೋಡಿಸಿದೊಡನೆ ಕಣದೊಳಗೆ ಕ್ಯಾಲ್ಸಿಯಮ್ಮಿನ ಪ್ರಮಾಣವು ಏರಿ, ಹಿಸ್ಟಮೀನು ಹೊರಬೀಳುತ್ತದೆ. ಪ್ರಶ್ನೆಯು ಇಲ್ಲಿಗೆ ಮುಗಿಯಿತೆಂದು ತೋರಬಹುದು.

ಆದರೆ ಒಂದು ತೊಡಕು ಉಳಿದಿತ್ತು. ಪರಾಗವು ಮೂಗಿಗೆ ತಗುಲಿ ಕೆಲವು ಗಂಟೆಗಳು ಕಳೆದ ಮೇಲೆ, ಹೊಸದಾಗಿ ಪರಾಗವು ಸೋಂಕದಿದ್ದರೂ ಹಲವರಿಗೆ ಉಪದ್ರವವು ಮರುಕಳಿಸುತ್ತದೆ. ಹಿಸ್ಟಮೀನೂ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಎರಡನೆಯ ಅಲೆಯು ಬಹುಮಟ್ಟಿಗೆ ಬೇಸೊಫಿಲ್‌ಗಳದೆಂಬ ಸೂಚನೆ 1985ರಲ್ಲಿ ದೊರಕಿತು. ಹಾಗಾದರೆ ಅವುಗಳನ್ನು ಕೆರಳಿಸಿದುದು ಯಾವುದು?

ಇದಕ್ಕೆ ಉತ್ತರದ ಸುಳಿವು 1979ರಲ್ಲಿಯೇ ದೊರಕಿತ್ತು. ಪ್ರಚೋದನೆಗೊಂಡ ಇತರ ಬಿಳಿಯ ಕಣಗಳು ಸ್ರವಿಸಿದ ದ್ರವವೂ ಬೇಸೊಫಿಲ್‌ಗಳಿಂದ ಹಿಸ್ಟಮೀನನ್ನು ಹೊರಡಿಸುವುದನ್ನು ಅಂದು ಸಂಶೋಧಕರು ವರದಿ ಮಾಡಿದ್ದರು. ಆ ದ್ರವದಲ್ಲಿದ್ದ ವಸ್ತುವಿಗೆ 'ಹಿಸ್ಟಮೀನ್ ಬಿಡುಗಡೆಕಾರಕ' ಎಂಬ ಹೆಸರು ರೂಢಿಗೆ ಬಂತು. ಹೆಸರು ಒಂದೇ, ವಸ್ತುಗಳು ಮಾತ್ರ ಹಲವು. 1992ರಲ್ಲಿ ಎಂಸಿಪಿ-1 ಎಂಬ ಸಂದೇಶವಾಹಕ ಪ್ರೋಟೀನಿಗೆ ಈ ಶಕ್ತಿಯುಂಟೆಂದು ಸ್ಥಿರಪಟ್ಟಿತು. ಅದು ಐಜಿಇಯ ನೆರವಿಲ್ಲದೆ, ತನ್ನದೇ ಗ್ರಾಹಕದ ಮೂಲಕ ಕೆಲಸಮಾಡುತ್ತದೆ. 1995ರಲ್ಲಿ ಗುರುತಿಸಲಾದ ಇನ್ನೊಂದು ಪ್ರೋಟೀನಾದರೋ ಐಜಿಇಯನ್ನು ಅವಲಂಬಿಸಿದುದು. ಇಂಟರ್‌ಲ್ಯೂಕಿನ್-3 ಎಂಬುದು ಬೇಸೊಫಿಲ್‌ಗಳನ್ನು ಮೊದಲೇ ಸಜ್ಜುಗೊಳಿಸಿ, ಅವು ಹೆಚ್ಚು ಹಿಸ್ಟಮೀನನ್ನು ಬಿಡುವಂತೆ ಮಾಡುತ್ತದೆ.

ವಿಜ್ಞಾನದಲ್ಲಿ ಹೆಸರಿಡುವುದು ವಿವರಣೆಯ ಆರಂಭವೇ ಹೊರತು ಮುಕ್ತಾಯವಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ. ಗಿಡವನ್ನು ಕಿತ್ತರೆ ಪರಾಗವು ತಪ್ಪೀತು. ಆದರೆ ಒಮ್ಮೆ ಎದ್ದ ಅಲರ್ಜಿಯನ್ನು ಮುಂದುವರಿಸುವುದು ನಮ್ಮ ಕಣಗಳು ತಮ್ಮತಮ್ಮೊಳಗೆ ನಡೆಸುವ ಸಂಭಾಷಣೆಯೇ. ಅದನ್ನು ಅರಿಯದೆ ಚಿಕಿತ್ಸೆಯು ಪೂರ್ಣವಾಗಲಾರದು.